ಹಗ್ಗ, ಟೇಪು ಮತ್ತು ಎರಡು ದಿನದ ಜಾತ್ರೆ

ತುಂಬಾ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಕೆಲಸ, ಮನೆ ಬದಲಾವಣೆ, ಅದೂ ಇದೂ... ಮೊನ್ನೆ ಅಟ್ಟದಿಂದ ಇಳಿಸಿದ ರಟ್ಟಿನ ಡಬ್ಬ ಬಿಚ್ಚಿದಾಗ ಹಳೇ ಚಾರ್ಜರುಗಳು, ಯಾವುದಕ್ಕೂ ಹೊಂದದ ಕೇಬಲ್ಲುಗಳ ನಡುವೆ ಗುಲಾಬಿ ದಾರ ಕಟ್ಟಿದ ಒಂದು ಸ್ಟಾಪ್‌ವಾಚ್ ಸಿಕ್ಕಿತು. ಅದರ ಬ್ಯಾಟರಿ ಸತ್ತು ಎಷ್ಟು ವರ್ಷವಾಗಿತ್ತೋ. "ಇದೇನಪ್ಪಾ, ನೀನು ಓಡ್ತಿದ್ಯಾ?" ಅಂತ ಮಗಳು ನನ್ನ ಹೊಟ್ಟೆ ನೋಡಿ ನಕ್ಕಳು. ಓಡ್ತಿರಲಿಲ್ಲ ಮಾರಾಯ್ತಿ, ಓಡುವವರನ್ನು ಹಿಡಿದು ಕೂರಿಸ್ತಿದ್ದೆ ಅಂದೆ. ಅವಳಿಗೆ ಅರ್ಥವಾಗಲಿಲ್ಲ. ನಿಮಗೂ ಆಗಿರಲಿಕ್ಕಿಲ್ಲ. ಅದಕ್ಕೇ ಈ ಬರಹ.

ಒಂದು ಕಾಲದಲ್ಲಿ ಪ್ರಾಜೆಕ್ಟ್ ಮೇಲೆ ಅಮೆರಿಕದ ನಡುಭಾಗದ ಒಂದು ಊರಿನಲ್ಲಿ ಮೂರು ವರ್ಷ ಇದ್ದೆ. ನಮ್ಮ ಟೆಸ್ಟಿಂಗ್ ತಂಡದಲ್ಲಿ ಒಬ್ಬಾಕೆ ಇದ್ದಳು. ಮೆಲುದನಿಯ ಹುಡುಗಿ, ಮೀಟಿಂಗಿನಲ್ಲಿ ಬಾಯಿ ಬಿಡುತ್ತಿದ್ದುದೇ ಅಪರೂಪ. ಸೋಮವಾರ ಬಂದರೆ ಮಾತ್ರ ಕೈಮೇಲೆ, ಮೊಣಕೈ ಹತ್ತಿರ ನೀಲಿಗಟ್ಟಿದ ಗುರುತು. ಮನೆಯಲ್ಲಿ ಏನಾದರೂ ತೊಂದರೆಯೇನೋ ಎಂದು ನನಗೆ ಒಳಗೊಳಗೇ ಸಂಕಟ, ಕೇಳಲು ಧೈರ್ಯವಿಲ್ಲ. ಒಂದು ದಿನ ಅವಳೇ ಫೋಟೋ ತೋರಿಸಿದಳು. ತಲೆಗೆ ಹೆಲ್ಮೆಟ್, ಕಾಲಿಗೆ ನಾಲ್ಕು ಚಕ್ರದ ಬೂಟು, ಬಾಯಲ್ಲಿ ಹಲ್ಲಿನ ಕಾಪು ಕಚ್ಚಿಕೊಂಡು ಇನ್ನೊಬ್ಬಳನ್ನು ಸೊಂಟದಿಂದ ಗುದ್ದಿ ಬೀಳಿಸುತ್ತಿದ್ದಾಳೆ! "ಇದು ರೋಲರ್ ಡರ್ಬಿ. ನೀನು ನಿಮ್ಮ ಕನ್ನಡ ಕೂಟದಲ್ಲಿ ಯುಗಾದಿ ಊಟದ ಲೆಕ್ಕ ಬರೆಯೋನಲ್ವಾ? ನಮಗೂ ಲೆಕ್ಕ ಬರೆಯೋರು ಬೇಕು" ಅಂದಳು. ಹಾಗೆ ಶುರುವಾಯಿತು.

ಮೊದಲು ಆಟ ಏನು ಅಂತ ಎರಡು ಮಾತು. ಮೊಟ್ಟೆಯಾಕಾರದ ಟ್ರ್ಯಾಕು. ಒಂದೊಂದು ತಂಡದಿಂದ ಐದೈದು ಜನ. ಐವರಲ್ಲಿ ಒಬ್ಬಳ ಹೆಲ್ಮೆಟ್ ಮೇಲೆ ನಕ್ಷತ್ರ ಇರುತ್ತದೆ. ಅವಳು ಜ್ಯಾಮರ್. ಉಳಿದ ನಾಲ್ವರು ಬ್ಲಾಕರುಗಳು. ಜ್ಯಾಮರ್ ಒಮ್ಮೆ ಗುಂಪನ್ನು ಸೀಳಿಕೊಂಡು ಹೊರಬಂದು, ಸುತ್ತು ಹೊಡೆದು ಮತ್ತೆ ಬಂದು, ಎದುರು ತಂಡದ ಎಷ್ಟು ಬ್ಲಾಕರುಗಳನ್ನು ದಾಟುತ್ತಾಳೋ ಅಷ್ಟು ಅಂಕ. ಎರಡು ನಿಮಿಷ ಮೀರದ ಇಂಥ ಒಂದೊಂದು ಸುತ್ತಿಗೆ ಜ್ಯಾಮ್ ಅಂತ ಹೆಸರು. ನಮ್ಮ ಕಬಡ್ಡಿ ನೋಡಿ ಬೆಳೆದವರಿಗೆ ಅರ್ಧ ಆಟ ಆಗಲೇ ಗೊತ್ತಿರುತ್ತದೆ. ಒಬ್ಬಳು ನುಗ್ಗುವವಳು, ಉಳಿದವರು ಕೈಕೈ ಸೇರಿಸಿದಂತೆ ಗೋಡೆ ಕಟ್ಟುವವರು. ಇಲ್ಲಿ ಚಕ್ರ ಜಾಸ್ತಿ, ಮಣ್ಣು ಕಡಿಮೆ :-)

ಈ ಆಟದ ಹುಟ್ಟು 1935ರಲ್ಲಿ, ಶಿಕಾಗೋದಲ್ಲಿ. ಲಿಯೋ ಸೆಲ್ಟ್ಜರ್ ಎಂಬ ಪ್ರದರ್ಶನಗಳ ವ್ಯಾಪಾರಿ ಅದಕ್ಕೆ ಮುಂಚೆ ದಿನಗಟ್ಟಲೆ ನಡೆಯುವ ಸ್ಪರ್ಧೆಗಳನ್ನು ನಡೆಸುತ್ತಿದ್ದ. ಮಹಾ ಆರ್ಥಿಕ ಕುಸಿತದ ಕಾಲ. ಕೆಲಸವಿಲ್ಲದ ಜನ ಕಡಿಮೆ ದುಡ್ಡಿಗೆ ಗಂಟೆಗಟ್ಟಲೆ ಕೂತು, ಬೇರೆಯವರು ಸುಸ್ತಾಗುವುದನ್ನು ನೋಡುತ್ತಿದ್ದ ಕಾಲ ಅದು. ಅಮೆರಿಕದ ಬಹುತೇಕ ಜನ ಬದುಕಿನಲ್ಲಿ ಒಮ್ಮೆಯಾದರೂ ಚಕ್ರದ ಬೂಟು ಹಾಕಿದ್ದಾರೆಂದು ಪತ್ರಿಕೆಯಲ್ಲಿ ಓದಿ ಅವನಿಗೆ ಐಡಿಯಾ ಬಂತಂತೆ. ಆಗಸ್ಟ್ 13ರಂದು ಶಿಕಾಗೋ ಕೊಲೀಸಿಯಮ್ಮಿನಲ್ಲಿ 25 ಜೋಡಿಗಳು ಸುತ್ತಲು ಶುರುಮಾಡಿದವು. ಒಂದು ಜೋಡಿ ಅಂದರೆ ಒಬ್ಬ ಗಂಡಸು, ಒಬ್ಬಳು ಹೆಂಗಸು. ದೇಶದ ಈ ಕರಾವಳಿಯಿಂದ ಆ ಕರಾವಳಿಗೆ ಇರುವ ದೂರವನ್ನು, ಅಂದರೆ ಸುಮಾರು ಮೂರು ಸಾವಿರ ಮೈಲಿಯನ್ನು, ಒಂದೇ ಕಟ್ಟಡದೊಳಗೆ ಸುತ್ತಿ ಮುಗಿಸಬೇಕು. ಯಾರು ಎಲ್ಲಿಗೆ ತಲುಪಿದರು ಎಂದು ತೋರಿಸಲು ದೊಡ್ಡ ಭೂಪಟದ ಮೇಲೆ ದೀಪಗಳು. ಒಂದು ತಿಂಗಳಿಗೂ ಮೀರಿ ನಡೆಯಿತು.

ಗುದ್ದಾಟ ಆಮೇಲೆ ಬಂದದ್ದು. ಮೂವತ್ತರ ದಶಕದ ಕೊನೆಗೆ ಮಯಾಮಿಯಲ್ಲಿ ಆಟ ನೋಡಿದ ಡೇಮನ್ ರನ್ಯನ್ ಎಂಬ ಕ್ರೀಡಾ ಬರಹಗಾರ, ಜನ ಎದ್ದು ನಿಲ್ಲುವುದು ಸ್ಕೇಟರುಗಳು ಡಿಕ್ಕಿ ಹೊಡೆದಾಗ ಎಂಬುದನ್ನು ಗಮನಿಸಿ, ಆ ಡಿಕ್ಕಿಯನ್ನೇ ಆಟ ಮಾಡಿ ಎಂದು ಹೇಳಿದನಂತೆ. ಅಲ್ಲಿಂದ ಓಟ ಹೋಗಿ ಡರ್ಬಿ ಆಯಿತು.

ನನಗೆ ಆ ಮೊದಲ ಕಾಲದಲ್ಲಿ ಮನಸ್ಸಿಗೆ ನಾಟಿದ್ದು ಎರಡು ವಿಷಯ. ಒಂದು, ಗಂಡಸರಿಗೂ ಹೆಂಗಸರಿಗೂ ಒಂದೇ ಟ್ರ್ಯಾಕು, ಒಂದೇ ನಿಯಮ, ಇಬ್ಬರ ಅಂಕವೂ ಒಂದೇ ಖಾತೆಗೆ. 1930ರ ದಶಕದಲ್ಲಿ! ಎರಡನೆಯದು ಆ ಬಸ್ಸು. 1937ರ ಮಾರ್ಚ್ 24ರಂದು ಸೇಂಟ್ ಲೂಯಿಯಿಂದ ಸಿನ್ಸಿನಾಟಿಗೆ ಹೊರಟಿದ್ದ ಡರ್ಬಿ ತಂಡದ ಬಸ್ಸು ಇಲಿನಾಯ್ ರಾಜ್ಯದ ಸೇಲಂ ಹತ್ತಿರ ಟೈರು ಸಿಡಿದು ಸೇತುವೆಗೆ ಬಡಿದು ಹೊತ್ತಿ ಉರಿಯಿತು. ಇಪ್ಪತ್ತರಷ್ಟು ಜನ ಸತ್ತರು. ಅವರ ನೆನಪಿಗೆ 1 ಎಂಬ ಅಂಕಿಯನ್ನು ಯಾವ ಆಟಗಾರರಿಗೂ ಕೊಡುವುದಿಲ್ಲ ಎಂದು ಸೆಲ್ಟ್ಜರ್ ಕಂಪನಿ ನಿರ್ಧರಿಸಿತು. ಊರೂರು ಸುತ್ತುವ ನಾಟಕ ಕಂಪನಿಗಳ ಕತೆ ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ಒಟ್ಟಿಗೆ ಉಂಡು, ಒಟ್ಟಿಗೆ ಮಲಗಿ, ಒಂದೇ ವಾಹನದಲ್ಲಿ ಹೋಗುವವರು. ಮುಳುಗಿದರೆ ಒಟ್ಟಿಗೇ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1948ರ ಕೊನೆಯಲ್ಲಿ ಟೀವಿಗೆ ಬಂತು, ಮನೆಮಾತಾಯಿತು. ಐವತ್ತರ ದಶಕದ ಕೊನೆಗೆ ಮಗ ಜೆರ್ರಿ ಸೆಲ್ಟ್ಜರ್ ವಹಿಸಿಕೊಂಡ. ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಬೇ ಬಾಂಬರ್ಸ್ ತಂಡ, ಜೋನ್ ವೆಸ್ಟನ್, ಆನ್ ಕಾಲ್ವೆಲ್ಲೋ ಎಂಬ ತಾರೆಯರು. 1973ರ ಡಿಸೆಂಬರಿನಲ್ಲಿ, ಪೆಟ್ರೋಲ್ ಬಿಕ್ಕಟ್ಟಿನ ದಿನಗಳಲ್ಲಿ, ಜೆರ್ರಿ ಅಂಗಡಿ ಮುಚ್ಚಿದ. 1999ರಲ್ಲಿ ಟೀವಿಯವರು ರೋಲರ್‌ಜ್ಯಾಮ್ ಎಂಬ ಹೆಸರಲ್ಲಿ ಎಬ್ಬಿಸಲು ನೋಡಿದರು. ಹೆಚ್ಚು ದಿನ ನಿಲ್ಲಲಿಲ್ಲ. ಅಷ್ಟೂ ಕಾಲ ಆಟಗಾರರು ಬೇರೆ, ಮಾಲೀಕರು ಬೇರೆ. ಮಾಲೀಕ ಬಾಗಿಲು ಹಾಕಿದ, ಆಟ ನಿಂತಿತು.

ನಿಜವಾದ ಕತೆ ಇಲ್ಲಿಂದ. 2001ರ ಆರಂಭದಲ್ಲಿ ಟೆಕ್ಸಾಸಿನ ಆಸ್ಟಿನ್ ಊರಿಗೆ ಡೇನಿಯಲ್ ಪೊಲಿಕಾರ್ಪೋ ಎಂಬುವನು ಬಂದು, ಬಾರುಗಳಲ್ಲಿ ಸಿಕ್ಕ ಹುಡುಗಿಯರಿಗೆಲ್ಲ "ಡರ್ಬಿ ಶುರುಮಾಡೋಣ, ಸರ್ಕಸ್ಸಿನ ಥರ ಇರಬೇಕು" ಅಂತ ಆಸೆ ಹುಟ್ಟಿಸಿದ. ನಿಧಿ ಸಂಗ್ರಹದ ಒಂದು ಕಾರ್ಯಕ್ರಮವೂ ಆಯಿತು. ಆಮೇಲೆ ದುಡ್ಡಿನ ವಿಷಯಕ್ಕೆ ಜಗಳ, ಮನುಷ್ಯ ಊರು ಬಿಟ್ಟ. ಹುಡುಗಿಯರು ಬಿಡಲಿಲ್ಲ. ತಾವೇ ಸಂಸ್ಥೆ ಮಾಡಿಕೊಂಡು, ಅಭ್ಯಾಸ ಮಾಡಿ, ಆಡಲು ಶುರುಮಾಡಿದರು. ಆದರೆ ನಾಲ್ಕೇ ಜನರ ಕೈಯಲ್ಲಿ ಆಡಳಿತ. ಗಾಯವಾದರೆ ಖರ್ಚು ಯಾರದ್ದು, ಟಿಕೆಟ್ಟಿನಿಂದ ಬಂದ ದುಡ್ಡು ಯಾರದ್ದು, ತೀರ್ಮಾನ ಯಾರದ್ದು ಎಂಬ ಪ್ರಶ್ನೆಗಳು ಬೆಳೆಯುತ್ತಾ ಹೋಗಿ 2003ರಲ್ಲಿ ಸಂಸ್ಥೆ ಒಡೆಯಿತು. ಹೆಚ್ಚಿನ ಸ್ಕೇಟರುಗಳು ಹೊರಬಂದು ಟೆಕ್ಸಾಸ್ ರೋಲರ್‌ಗರ್ಲ್ಸ್ ಕಟ್ಟಿದರು. ಆಡುವವರೇ ಮಾಲೀಕರು, ಆಡುವವರೇ ಕಸ ಗುಡಿಸುವವರು.

ಇಲ್ಲೊಂದು ಸಣ್ಣ ತಾಂತ್ರಿಕ ವಿಷಯವಿದೆ. ನನಗೆ ಅದೇ ಇಡೀ ಚರಿತ್ರೆಯ ಕೀಲಿ ಅನ್ನಿಸುತ್ತದೆ. ಹಳೇ ಡರ್ಬಿ ನಡೆಯುತ್ತಿದ್ದುದು ಹೊರಬದಿ ಎತ್ತರಿಸಿದ ಇಳಿಜಾರು ಟ್ರ್ಯಾಕಿನ ಮೇಲೆ. ಅದನ್ನು ಮರದಲ್ಲಿ ಕಟ್ಟಿಸಬೇಕು, ಬಿಚ್ಚಬೇಕು, ಲಾರಿಯಲ್ಲಿ ಹೇರಬೇಕು, ಇಡಲು ಗೋದಾಮು ಬೇಕು. ಆಸ್ಟಿನ್‌ನಲ್ಲಿ ಹೊರಬಂದವರ ಬಳಿ ಅದ್ಯಾವುದೂ ಇರಲಿಲ್ಲ. ಅವರು ಸಪಾಟು ನೆಲದ ಮೇಲೇ ಆಡಿದರು. ಗಡಿ ಗುರುತಿಗೆ ಒಂದು ಹಗ್ಗ, ಹಗ್ಗದ ಮೇಲೆ ಬಣ್ಣದ ಟೇಪು. ಹಗ್ಗ ಯಾಕೆಂದರೆ, ಕೆಳಗೆ ನೋಡದೆಯೇ ಚಕ್ರಕ್ಕೆ ಗಡಿ ತಾಗಿದ್ದು ಗೊತ್ತಾಗಬೇಕು. ಒಂದು ಹಗ್ಗದ ಸುರುಳಿ, ಹತ್ತು ರೋಲ್ ಟೇಪು, ಒಂದು ಅಳತೆ ಪಟ್ಟಿ ಕಾರಿನ ಡಿಕ್ಕಿಯಲ್ಲಿದ್ದರೆ ಯಾವ ಊರಿನ ಯಾವ ಗೋದಾಮಿನಲ್ಲಾದರೂ ಎರಡು ಗಂಟೆಯಲ್ಲಿ ಟ್ರ್ಯಾಕು ಸಿದ್ಧ. ಬಡತನದಿಂದ ಹುಟ್ಟಿದ ಈ ಉಪಾಯವೇ ಆಟವನ್ನು ನೂರಾರು ಊರುಗಳಿಗೆ ಹಂಚಿತು. ಮಾಲೀಕ ಇಲ್ಲದೆ ಆಟ ನಡೆಯುವುದು ಸಾಧ್ಯವಾದದ್ದೂ ಹೀಗೇ.

ಆದರೆ ಊರಿಗೊಂದು ನಿಯಮ! ಒಂದೊಂದು ಕಡೆ ಒಂದೊಂದು ಅಳತೆಯ ಟ್ರ್ಯಾಕು, ಒಂದೊಂದು ಥರ ಶಿಕ್ಷೆ. ನಿಮ್ಮೂರಿನ ಲಗೋರಿಗೂ ನಮ್ಮೂರಿನ ಲಗೋರಿಗೂ ಇರುವ ವ್ಯತ್ಯಾಸದ ಹಾಗೆ. ಪಕ್ಕದೂರಿನವರನ್ನು ವಾರಾಂತ್ಯಕ್ಕೆ ಆಡಲು ಕರೆದರೆ ಮೊದಲ ಅರ್ಧ ದಿನ ವಾದದಲ್ಲೇ ಹೋಗಬೇಕು. 2004ರಲ್ಲಿ ಒಂದಷ್ಟು ಲೀಗುಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡಿದ್ದವು. 2005ರ ಜುಲೈಯಲ್ಲಿ 20 ಲೀಗುಗಳ ಪ್ರತಿನಿಧಿಗಳು ಶಿಕಾಗೋದಲ್ಲಿ, ಸೆಲ್ಟ್ಜರ್ ಶುರುಮಾಡಿದ ಅದೇ ಊರಿನಲ್ಲಿ, ಸೇರಿ ಟ್ರ್ಯಾಕಿನ ಅಳತೆ, ಆಟದ ನಿಯಮ, ಸದಸ್ಯತ್ವ ಎಲ್ಲದಕ್ಕೂ ಅಡಿಪಾಯ ಹಾಕಿದರು. ನವೆಂಬರಿನಲ್ಲಿ ಒಕ್ಕೂಟಕ್ಕೆ ಡಬ್ಲ್ಯೂಎಫ್‌ಟಿಡಿಎ ಎಂಬ ಈಗಿನ ಹೆಸರು ಬಂತು. ಮಹಿಳೆಯರ ಸಪಾಟು ಟ್ರ್ಯಾಕಿನ ಡರ್ಬಿ ಸಂಘ ಅಂತ ಅರ್ಥ.

ಅದೇ 2005ರ ಬೇಸಿಗೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಅದು ನಿರ್ಣಯಗಳಿಲ್ಲದ, ಸಭೆಯಲ್ಲದ ಸಭೆ. ಐವನ್ನಾ ಎಸ್. ಪ್ಯಾಂಕಿನ್ ಎಂಬ ಆಟದ ಹೆಸರಿನ ಸ್ಕೇಟರ್ (ಬೇಗ ಬೇಗ ಹೇಳಿ ನೋಡಿ, ಇಂಗ್ಲಿಷಿನ ಪೋಲಿ ಶ್ಲೇಷೆ ಗೊತ್ತಾಗುತ್ತದೆ, ಡರ್ಬಿಯಲ್ಲಿ ಎಲ್ಲರ ಹೆಸರೂ ಹೀಗೇ) ಫೀನಿಕ್ಸ್‌ನಲ್ಲಿ ಲೀಗ್ ಕಟ್ಟಿ, ನಂತರ ಲಾಸ್ ವೇಗಸ್‌ಗೆ ಬಂದಿದ್ದಳು. ಎಲ್ಲ ಊರಿನ ಸ್ಕೇಟರುಗಳೂ ಒಮ್ಮೆ ಒಂದೇ ಕಡೆ ಸೇರಿದರೆ ಹೇಗೆ ಎಂದು ಅವಳು ಕರೆದಳು. ಅದೇ ರೋಲರ್‌ಕಾನ್. ಕಪ್ಪು ಇಲ್ಲ, ಪದಕ ಇಲ್ಲ. ಬೇರೆ ಬೇರೆ ಊರಿನವರನ್ನು ಕಲಸಿ ತಂಡ ಮಾಡಿ ಆಡುವುದು, ಒಬ್ಬರಿಂದೊಬ್ಬರು ಕಲಿಯುವುದು, ರಾತ್ರಿ ಕುಣಿಯುವುದು. ಅಲ್ಲಿಯವರೆಗೆ ಒಬ್ಬರನ್ನೊಬ್ಬರು ಮೇಲ್ ಬರೆದು ಮಾತ್ರ ಬಲ್ಲವರು ಮುಖ ನೋಡಿದರು. ನಮ್ಮಲ್ಲಿ ಎಷ್ಟು ಜನ ಹಾಗೆ, ಹೆಸರು ಮಾತ್ರ ಗೊತ್ತಿದ್ದವರನ್ನು ಯಾವುದೋ ಭಾನುವಾರ ಬಸವನಗುಡಿ ಕಡೆ ಮೊದಲ ಸಲ ನೋಡಿ "ಓ, ಅದು ನೀವಾ!" ಅಂದಿಲ್ಲ ಹೇಳಿ?

ಅದಾದ ಕೆಲವೇ ತಿಂಗಳಿಗೆ, 2006ರ ಫೆಬ್ರವರಿ 24ರಿಂದ 26ರವರೆಗೆ, ಅರಿಜೋನಾದ ಟೂಸಾನ್ ಊರಿನ ಲೀಗು ಮೊಟ್ಟಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಸಿತು. ಹೆಸರು ಡಸ್ಟ್ ಡೆವಿಲ್, ಅಂದರೆ ಸುಂಟರಗಾಳಿ. ಶುಕ್ರವಾರದಿಂದ ಭಾನುವಾರದೊಳಗೆ ಸುಮಾರು 20 ತಂಡಗಳನ್ನು ಆಡಿಸಿ ಮುಗಿಸಬೇಕು. ಕರೆದವರೇ ಆಟಗಾರ್ತಿಯರು, ಟಿಕೆಟ್ ಹರಿದವರೂ ಅವರೇ. ಗೆದ್ದದ್ದು ಟೆಕ್ಸಾಸ್ ರೋಲರ್‌ಗರ್ಲ್ಸ್, ಎರಡನೆಯದು ಆತಿಥೇಯ ಟೂಸಾನ್. ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಈ ಪಂದ್ಯಾವಳಿಯನ್ನೇ ಮೈಲಿಗಲ್ಲು ಎನ್ನುತ್ತಾರೆ. ನಾನು ಮಾತ್ರ ವೇಗಸ್ಸಿನ ಗಲಾಟೆಗೆ ಮೊದಲ ಸ್ಥಾನ ಕೊಡುತ್ತೇನೆ. ಜೊತೆಗೆ ಕುಣಿದವರ ಮನೆಯಲ್ಲಿ ಆಮೇಲೆ ಹೋಗಿ ಸೋಫಾ ಮೇಲೆ ಮಲಗಲು ಸಂಕೋಚವಿರುವುದಿಲ್ಲ. ಆ ಸೋಫಾಗಳಿಲ್ಲದಿದ್ದರೆ ಕೈಯಿಂದ ಖರ್ಚು ಹಾಕಿಕೊಂಡು ಬರುವ ಹುಡುಗಿಯರು ಅಷ್ಟು ದೂರದ ಪಂದ್ಯಾವಳಿಗಳಿಗೆ ಹೋಗುತ್ತಲೇ ಇರಲಿಲ್ಲ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. 2011ರ ವಸಂತದಲ್ಲಿ ನಮ್ಮೂರ ಲೀಗು ಆರು ತಂಡಗಳನ್ನು ಎರಡು ದಿನಕ್ಕೆ ಕರೆದಾಗ ಬಾಗಿಲ ಬಳಿಯ ಮೇಜಿನಲ್ಲಿ ಕೂತವನು ನಾನೇ.

ತಯಾರಿ ಆರು ತಿಂಗಳ ಮುಂಚೆ ಶುರು. ನನ್ನ ಸಹೋದ್ಯೋಗಿ (ಆಫೀಸಿನಲ್ಲಿ ಬಾಯಿ ಬಿಡದವಳು) ಒಂದು ದಪ್ಪ ಫೈಲು ಹಿಡಿದು ಸೇನಾಪತಿಯಂತೆ ಓಡಾಡುತ್ತಿದ್ದಳು. ನನಗೆ ಬಂದ ಮೊದಲ ಆಶ್ಚರ್ಯ, ಅವಳ ಫೈಲಿನ ಮೊದಲ ಹಾಳೆ. ನಾನಾಗಿದ್ದರೆ ಊಟದ ಪಟ್ಟಿ ಇಡುತ್ತಿದ್ದೆ. ಅವಳು ಇಟ್ಟದ್ದು ಹತ್ತಿರದ ಆಸ್ಪತ್ರೆಯ ದಾರಿ, ಪ್ರಥಮ ಚಿಕಿತ್ಸೆಗೆ ಬರುವ ಇಬ್ಬರ ಫೋನ್ ನಂಬರು, ಬಾಗಿಲಿಂದ ಟ್ರ್ಯಾಕಿನವರೆಗೆ ಸ್ಟ್ರೆಚರ್ ಬರುವ ಹಾದಿಯ ನಕ್ಷೆ. ಎರಡನೇ ಹಾಳೆ ವಿಮೆ. ವಿಮೆಯ ಕಾಗದ ತೋರಿಸದವರಿಗೆ ಬೂಟಿನ ಲೇಸು ಕಟ್ಟಲೂ ಬಿಡಬೇಡ ಎಂದು ನನಗೆ ಕಟ್ಟಪ್ಪಣೆ. ಆಸ್ಟಿನ್ನಿನಲ್ಲಿ ಏಳು ಎಂಟು ವರ್ಷ ಮುಂಚೆ ಎದ್ದ ಪ್ರಶ್ನೆಗೆ ಉತ್ತರ ಈ ಹಾಳೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಮೂರನೆಯದು ನೆಲ. ಟ್ರ್ಯಾಕು, ಹೊರಗಡೆ ರೆಫರಿಗಳು ಓಡಾಡುವ ಹತ್ತಡಿ ಜಾಗ ಎಲ್ಲ ಸೇರಿ ಸುಮಾರು 108 ಅಡಿ ಉದ್ದ, 75 ಅಡಿ ಅಗಲ ಬೇಕು, ನಡುವೆ ಕಂಬ ಇರಬಾರದು. ಇಂಥ ಜಾಗ ಹುಡುಕುವುದು ಮದುವೆ ಛತ್ರ ಹುಡುಕುವುದಕ್ಕಿಂತ ಕಷ್ಟ. ಸಿಕ್ಕರೂ ನೆಲ ಯಾವುದು ಅಂತ ಬರುವವರಿಗೆ ಮುಂಚೆಯೇ ತಿಳಿಸಬೇಕು. ನುಣ್ಣಗಿನ ಕಾಂಕ್ರೀಟಿಗೆ ಮೆತ್ತನೆಯ ಚಕ್ರ ಬೇಕು, ಅದು ನೆಲ ಕಚ್ಚುತ್ತದೆ. ಹಿಡಿತ ಹೆಚ್ಚಿರುವ ನೆಲಕ್ಕೆ ಗಟ್ಟಿ ಚಕ್ರ. ಗೊತ್ತಿಲ್ಲದೆ ಬಂದವಳು ಒಂದೋ ಜಾರುತ್ತಾಳೆ, ಇಲ್ಲಾ ಗೋಂದಿನಲ್ಲಿ ಕಾಲಿಟ್ಟಂತೆ ಒದ್ದಾಡುತ್ತಾಳೆ. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ನಾವು ಎಂಟು ಜನ ಮಂಡಿಯೂರಿ ಹಗ್ಗದ ಮೇಲೆ ಟೇಪು ಒತ್ತುತ್ತಿದ್ದೆವು. ಸುಕ್ಕು ಬಂದರೆ ಕಿತ್ತು ಮತ್ತೆ. ರಂಗೋಲಿ ಹಾಕುವಾಗ ಅಮ್ಮ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದುದು ನೆನಪಾಯಿತು. ಎಳೆದ ಗೆರೆ ತುಳಿಯದಂತೆ ಹಿಂದೆ ಹಿಂದೆ.

ಊಟದ ಜವಾಬ್ದಾರಿಯಲ್ಲಿ ನನಗೂ ಪಾಲು. ಒಂದು ಆಟಕ್ಕೆ ಚಕ್ರದ ಮೇಲೆ ಓಡುವ ರೆಫರಿಗಳೇ ಏಳು ಜನ. ಅಂಕ ಬರೆಯುವವರು, ತಪ್ಪು ಬರೆಯುವವರು, ಸಮಯ ನೋಡುವವರು ಬೇರೆ, ಅವರೂ ಹತ್ತು ಹನ್ನೆರಡು. ಯಾರಿಗೂ ಸಂಬಳ ಇಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತೇ ಇರುವ ಇವರಿಗೆ ಒಳ್ಳೆಯ ಊಟ ಹಾಕಿದರೆ ಮುಂದಿನ ವರ್ಷವೂ ಬರುತ್ತಾರೆ, ಇಲ್ಲದಿದ್ದರೆ ಇಲ್ಲ. ಕೂಟಗಳು ಸಾಯುವುದು ಹಣವಿಲ್ಲದೆ ಅಲ್ಲ, ಇಂಥವರು ಮುನಿಸಿಕೊಂಡು, ಎಂದು ಅವಳು ಹೇಳುತ್ತಿದ್ದಳು. ನಮ್ಮ ಕನ್ನಡ ಕೂಟದ ಅನುಭವವೂ ಅದೇ. ನಾನು ಉಮೇದಿನಲ್ಲಿ ನಲವತ್ತು ಜನಕ್ಕೆ ಚಿತ್ರಾನ್ನ ಕಲಸಿಕೊಂಡು ಹೋದೆ. ಅವಳು ಮುಚ್ಚಳ ತೆಗೆದು ನೋಡಿ, "ಇದು ಕಡಲೆಕಾಯಿ ಬೀಜವಾ?" ಎಂದಳು. ಹೌದು ಅಂದೆ ಹೆಮ್ಮೆಯಿಂದ. ಕೂಡಲೇ ಡಬ್ಬ ಮುಚ್ಚಿ ಪಕ್ಕಕ್ಕಿಟ್ಟಳು. ಬಂದವರಲ್ಲಿ ಒಬ್ಬ ರೆಫರಿಗೆ ಕಡಲೆಕಾಯಿ ತಾಗಿದರೆ ಉಸಿರು ಕಟ್ಟುತ್ತದಂತೆ, ಅದೂ ಫೈಲಿನಲ್ಲಿತ್ತು. ನಾನು ನೋಡಿರಲಿಲ್ಲ. ಕೊನೆಗೆ ಬೇರೆ ಕೋಣೆಯಲ್ಲಿ, ದಪ್ಪಕ್ಷರದ ಚೀಟಿ ಅಂಟಿಸಿ, ಬೇರೆ ಚಮಚ ಇಟ್ಟು ಬಡಿಸಿದೆವು. ಚಿತ್ರಾನ್ನ ಅರ್ಧ ಗಂಟೆಯಲ್ಲಿ ಖಾಲಿ. ಆದರೆ ಆ ಚೀಟಿ ಅಂಟಿಸುವಾಗ ನನ್ನ ಕೈ ನಡುಗುತ್ತಿತ್ತು.

ನನ್ನ ಕೆಲಸ ಶಿಕ್ಷೆಯ ಕುರ್ಚಿಗಳ ಹತ್ತಿರ. ತಪ್ಪು ಮಾಡಿದವಳು ಬಂದು ಕೂರುತ್ತಾಳೆ, ನಾನು ಸ್ಟಾಪ್‌ವಾಚ್ ಒತ್ತಬೇಕು. ಆಗ ಒಂದು ನಿಮಿಷದ ಶಿಕ್ಷೆ (2014ರಿಂದ 30 ಸೆಕೆಂಡಿಗೆ ಇಳಿಸಿದರು). ಮೊದಲ ಆಟದಲ್ಲೇ ಒಬ್ಬ ಜ್ಯಾಮರ್ ದಡಬಡ ಬಂದು ಕೂತಳು. ನಾನು ಅವಳ ಹೆಲ್ಮೆಟ್ಟಿನ ನಕ್ಷತ್ರ ನೋಡುತ್ತಾ ಗುಂಡಿ ಒತ್ತುವುದನ್ನೇ ಮರೆತೆ! ಅವಳು ಬಹುಶಃ ಹತ್ತು ಸೆಕೆಂಡು ಹೆಚ್ಚು ಕೂತಳು. ಜ್ಯಾಮರ್ ಇಲ್ಲದ ಹತ್ತು ಸೆಕೆಂಡು ಅಂದರೆ ಎದುರಿನವರಿಗೆ ಹಬ್ಬ. ಆಟ ಮುಗಿದ ಮೇಲೆ ಹೋಗಿ ತಪ್ಪು ಒಪ್ಪಿಕೊಂಡೆ. ಅವಳು ಬೆವರು ಒರೆಸಿಕೊಳ್ಳುತ್ತಾ ನನ್ನನ್ನು ಮೇಲೆ ಕೆಳಗೆ ನೋಡಿ, "ಅನ್ನ ಮಾಡಿದವನು ನೀನೇ ತಾನೇ? ಬದುಕಿಕೋ" ಅಂದಳು.

ಶನಿವಾರ ಮಧ್ಯಾಹ್ನ ಆಗಬಾರದ್ದು ಆಯಿತು. ದೂರದೂರಿನಿಂದ ಬಂದಿದ್ದ ಒಬ್ಬ ಬ್ಲಾಕರ್ ಬಿದ್ದವಳು ಏಳಲಿಲ್ಲ. ಪಾದ ಇರಬಾರದ ಕಡೆಗೆ ತಿರುಗಿತ್ತು. ಶಿಳ್ಳೆಗಳು ನಾಲ್ಕು ಸಲ ಕೂಗಿದವು, ಸಂಗೀತ ನಿಂತಿತು. ಆಗ ನಾನು ಮೊದಲ ಸಲ ನೋಡಿದ್ದು: ಎರಡೂ ತಂಡದವರು, ರೆಫರಿಗಳು, ಬೆಂಚಿನ ಮೇಲಿದ್ದವರು ಎಲ್ಲರೂ ಎಲ್ಲಿದ್ದರೋ ಅಲ್ಲೇ ಒಂದು ಮಂಡಿಯೂರಿ ಕೂತರು. ಯಾರೂ ಹತ್ತಿರ ಹೋಗಲಿಲ್ಲ, ಯಾರೂ ಮಾತಾಡಲಿಲ್ಲ. ಫೈಲಿನ ಮೊದಲ ಹಾಳೆಯಲ್ಲಿದ್ದ ಹಾದಿಯಲ್ಲೇ ಸ್ಟ್ರೆಚರ್ ಬಂತು. ಅವಳನ್ನು ಎತ್ತಿದಾಗ ಚಪ್ಪಾಳೆ. ಯಾರ ಮನೆಯಲ್ಲಿ ಅವಳು ಇಳಿದುಕೊಂಡಿದ್ದಳೋ ಆ ಎದುರು ತಂಡದ ಹುಡುಗಿ ತನ್ನ ಬೂಟು ಬಿಚ್ಚಿ, ಅಂದಿನ ಆಟ ಬಿಟ್ಟು, ಆಸ್ಪತ್ರೆಗೆ ಜೊತೆಗೆ ಹೋದಳು. ಸಂಜೆ ಟಿಕೆಟ್ ಡಬ್ಬದ ಪಕ್ಕದಲ್ಲಿ ಒಂದು ಹೆಲ್ಮೆಟ್ ತಲೆಕೆಳಗಾಗಿ ಇಟ್ಟಿದ್ದರು. ಅದರಲ್ಲಿ ಬಿದ್ದ ದುಡ್ಡನ್ನು ಎಣಿಸಿದ್ದು ನಾನು. ಆಂಬ್ಯುಲೆನ್ಸಿನ ಬಿಲ್ಲಿಗೇ ಸಾಲುತ್ತಿರಲಿಲ್ಲ, ಅದು ಬೇರೆ ಮಾತು. ಅಮೆರಿಕದ ಆಸ್ಪತ್ರೆ ಖರ್ಚು ನಿಮಗೆ ಗೊತ್ತಲ್ಲ.

ಭಾನುವಾರ ಕೊನೆಯ ಆಟ ಸೋತವರು ಗೆದ್ದವರು ಅನ್ನುವ ಲೆಕ್ಕದ್ದಲ್ಲ. ಆರೂ ತಂಡದವರ ಹೆಸರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದರು. ಹೊಸಬರು, ಹಳಬರು, ಎರಡು ಮಕ್ಕಳ ತಾಯಂದಿರು, ಒಬ್ಬ ಶಾಲಾ ಟೀಚರು, ಒಬ್ಬ ಲಾರಿ ಡ್ರೈವರು. ಮೊದಲ ದಿನ ಒಬ್ಬರನ್ನೊಬ್ಬರು ಗುದ್ದಿ ಉರುಳಿಸಿದ್ದವರು ಈಗ ಒಂದೇ ಗೋಡೆಯಲ್ಲಿ ಭುಜಕ್ಕೆ ಭುಜ ಕೊಟ್ಟು ನಿಂತರು. ನನಗೆ ಇಡೀ ವಾರಾಂತ್ಯದಲ್ಲಿ ಅದೇ ಒಳ್ಳೆಯ ಆಟ ಅನ್ನಿಸಿತು. ಸ್ಕೋರು ಬರೆಯುವವನೂ ನಗುತ್ತಾ ಎರಡು ಸಲ ತಪ್ಪು ಬರೆದ.

ಅದೇ ಬೇಸಿಗೆ ಅವಳ ಜೊತೆ, ಇನ್ನೂ ನಾಲ್ವರ ಜೊತೆ ಒಂದು ವ್ಯಾನಿನಲ್ಲಿ ವೇಗಸ್ಸಿಗೂ ಹೋದೆ. ಜುಲೈ ತಿಂಗಳು, ಹೊರಗೆ ನಮ್ಮ ರಾಯಚೂರಿನ ಮೇ ಬಿಸಿಲು ನಾಚುವಂಥ ಸೆಕೆ. ವಾರಾಂತ್ಯ ಎಂದು ಹುಟ್ಟಿದ್ದ ರೋಲರ್‌ಕಾನ್ ಅಷ್ಟರಲ್ಲಿ ಸುಮಾರು ಐದು ದಿನದ ಜಾತ್ರೆಯಾಗಿತ್ತು. ಹೋಟೆಲಿನ ಸಭಾಂಗಣದಲ್ಲಿ ಟ್ರ್ಯಾಕುಗಳು, ಕಲಿಕೆಯ ತರಗತಿಗಳು, ಚಕ್ರ ಬೂಟು ಮಾರುವ ಅಂಗಡಿಗಳು, ಒಂದು ದಿನದ ಮಟ್ಟಿಗೆ ತಮಾಷೆಯ ಹೆಸರಿಟ್ಟುಕೊಂಡು ಎದ್ದ ತಂಡಗಳು. 'ಡರ್ಬಿ ಮದುವೆ' ಅಂತ ಒಂದು ಪದ್ಧತಿ ಬೇರೆ ಇದೆ. ಆಟದಲ್ಲಿ ತನ್ನ ಪ್ರಾಣದ ಗೆಳತಿ ಯಾರೋ ಅವಳನ್ನು 'ಡರ್ಬಿ ಹೆಂಡತಿ' ಎಂದು ಸಾಮೂಹಿಕವಾಗಿ ವರಿಸುವುದು. ಆಸ್ಪತ್ರೆಗೆ ಯಾರು ಜೊತೆಗೆ ಬರುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಅವಳೇ. ವಸಂತದ ಆ ಶನಿವಾರ ನೋಡಿದ್ದ ನನಗೆ ಅದು ಬರೀ ತಮಾಷೆ ಅನ್ನಿಸಲಿಲ್ಲ. ಹಳೇ ಡರ್ಬಿಯ ಜೆರ್ರಿ ಸೆಲ್ಟ್ಜರನಿಗೂ ಈ ಹೊಸಬರ ನಡುವೆ ದೊಡ್ಡ ಮರ್ಯಾದೆಯಿತ್ತು. ಆಟ ಮುಚ್ಚಿದವನು, ಆಟ ಮತ್ತೆ ಎದ್ದದ್ದನ್ನು ಕಣ್ಣಾರೆ ಕಂಡು, 2019ರಲ್ಲಿ ತೀರಿಕೊಂಡ.

ಎಲ್ಲವೂ ಚೆನ್ನಾಗಿತ್ತು ಅಂತ ಅಲ್ಲ. ರಜೆ ಸಿಗದವರು, ಹೋಟೆಲ್ ಖರ್ಚು ಭರಿಸಲಾಗದವರು ಹಿಂದೆ ಉಳಿದರು. ಆಡುವವರೇ ಎಲ್ಲ ಕೆಲಸ ಮಾಡಬೇಕೆಂಬ ನಿಯಮ ಎಷ್ಟೋ ಜನರನ್ನು ದಣಿಸಿ ಮನೆಗೆ ಕಳಿಸಿದೆ. ಯಾರನ್ನು ಮಹಿಳೆಯರ ಆಟಕ್ಕೆ ಸೇರಿಸಿಕೊಳ್ಳಬೇಕು ಎಂಬ ಬಗ್ಗೆ 2011ರಲ್ಲಿ ಒಕ್ಕೂಟ ಮಾಡಿದ ಮೊದಲ ನಿಯಮ ಹಾರ್ಮೋನಿನ ಲೆಕ್ಕ ಕೇಳುತ್ತಿತ್ತು. ವರ್ಷಗಳ ವಾದದ ನಂತರ ಅದನ್ನು ಬಿಟ್ಟು, ಟ್ರಾನ್ಸ್ ಆಟಗಾರರಿಗೂ ಬಾಗಿಲು ತೆರೆದರು. 2009ರ 'ವಿಪ್ ಇಟ್' ಸಿನಿಮಾ ನೋಡಿ ಬಂದ ಹೊಸಬರ ಅಲೆ ಒಂದು ಕಡೆ. ಅದನ್ನು ಬರೆದ ಶಾನಾ ಕ್ರಾಸ್ ಸ್ವತಃ ಸ್ಕೇಟರ್.

2011ರ ಡಿಸೆಂಬರಿನಲ್ಲಿ ಟೊರಾಂಟೋದಲ್ಲಿ ಮೊದಲ ವಿಶ್ವಕಪ್. 13 ದೇಶಗಳು. ಫೈನಲಿನಲ್ಲಿ ಅಮೆರಿಕ ಕೆನಡಾವನ್ನು 336-33ರಿಂದ ಸೋಲಿಸಿತು. ಆಟವಾಗಿ ನೋಡಿದರೆ ಏಕಪಕ್ಷೀಯ. ಆದರೆ ಬೇರೆ ದೇಶಗಳವರು ಅಲ್ಲಿಗೆ ಬಂದದ್ದು ಗೆಲ್ಲಲು ಅಲ್ಲ, ಕಲಿತು ಊರಿಗೆ ಒಯ್ಯಲು. 2018ರಲ್ಲಿ ಮ್ಯಾಂಚೆಸ್ಟರಿನಲ್ಲಿ 38 ತಂಡಗಳು ಸೇರಿದವು. ಅದರಲ್ಲಿ ಒಂದು ತಂಡಕ್ಕೆ ದೇಶವೇ ಇರಲಿಲ್ಲ: ಬೇರೆ ಬೇರೆ ನೆಲಗಳ ಮೂಲನಿವಾಸಿ ಆಟಗಾರರು ಸೇರಿ ಟೀಮ್ ಇಂಡಿಜಿನಸ್ ಎಂಬ ಹೆಸರಲ್ಲಿ ಆಡಿದರು. 2020ರಲ್ಲಿ ಕೋವಿಡ್ ಬಂದಾಗ, ಮೈಗೆ ಮೈ ತಾಗಿಸಿ ಆಡುವ ಈ ಆಟ ನಿಂತಿತು, ನಿಧಾನಕ್ಕೆ ಮರಳಿತು. ಕೆಲವು ಊರುಗಳಲ್ಲಿ ಬಾಡಿಗೆಯ ಗೋದಾಮು ಕೈಬಿಟ್ಟು ಹೋಯಿತು, ಲೀಗು ಮತ್ತೆ ಏಳಲಿಲ್ಲ. ನಮ್ಮೂರಿನದು ಎದ್ದಿತು.

ಸ್ಟಾಪ್‌ವಾಚಿನ ಫೋಟೋ ತೆಗೆದು ಅವಳಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು. ಈಗ ಆಡುತ್ತಿಲ್ಲವಂತೆ, ಮಂಡಿ ಕೇಳುವುದಿಲ್ಲ, ಆದರೆ ಟೇಪು ಒತ್ತುವವರ ಮೇಸ್ತ್ರಿ ಈಗಲೂ ಅವಳೇ. ಕಾಲು ಮುರಿದುಕೊಂಡಿದ್ದ ಬ್ಲಾಕರ್ ಆಮೇಲೆ ಆರು ವರ್ಷ ಆಡಿದಳಂತೆ. ಕೊನೆಗೆ ಒಂದು ಸಾಲು: ಕಡಲೆಕಾಯಿ ಇಲ್ಲದ ಅನ್ನ ಮಾಡುವುದು ಹೇಗೆ, ಬರೆದು ಕಳಿಸು, ಬರುವ ತಿಂಗಳು ಎಂಟು ತಂಡ ಬರುತ್ತಿವೆ.

ಕಡಲೆಬೇಳೆ ಹುರಿದು ಹಾಕಿ ಅಂತ ಬರೆದಿದ್ದೇನೆ. ಗೋಡಂಬಿ ಬೇಡ, ಅದಕ್ಕೂ ಯಾರಾದರೂ ಇದ್ದಾರು. ಬೇರೆ ಉಪಾಯ ನಿಮಗೆ ಹೊಳೆದರೆ ಹೇಳಿ.